ಎಣ್ಣೆ ಕಕ್ಕುವ ಮೆಷಿನ್ನಿನ ಜೊತೆ ಒಂದು ಮಳೆಗಾಲ

ಕೊಡಗಿನ ಸುಂಟಿಕೊಪ್ಪದ ಬಳಿಯ ಒಂದು ಕಾಫಿ ತೋಟದ ಗೋದಾಮಿನಲ್ಲಿ 35 ಎಂಎಂ ಪ್ರೊಜೆಕ್ಟರ್ ಇದೆ. ಮುಚ್ಚಿಹೋದ ಟಾಕೀಸೊಂದರಿಂದ ಸಾಹುಕಾರರು ಅದನ್ನು ಗುಜರಿ ಬೆಲೆಗೆ ತಂದವರು. ನಾನು ಹುಡುಗನಾಗಿದ್ದಾಗ ಟಾಕೀಸಿನ ಕ್ಯಾಬಿನ್ನಿನಲ್ಲಿ ಆಪರೇಟರ್‌ಗೆ ಕೈಯಾಳಾಗಿ ರೀಲು ಸುತ್ತಿದ್ದೆ. ಈಗ ಪಂಪು, ಸ್ಪ್ರೇಯರ್, ಪಲ್ಪರ್ ರಿಪೇರಿಯೇ ಹೊಟ್ಟೆಪಾಡು. ಎರಡೂ ಬಲ್ಲವನೆಂದು ಜುಲೈ ತಿಂಗಳ ಜಡಿಮಳೆಯಲ್ಲಿ ಕರೆಸಿದರು.

"ಹಾಕಿದಷ್ಟೂ ಕುಡಿಯುತ್ತದೆ, ಕುಡಿದಷ್ಟೂ ಕಕ್ಕುತ್ತದೆ. ನೀನೇ ನೋಡಪ್ಪ" ಎಂದರು.

ಅಡಿಯಲ್ಲಿಟ್ಟ ತಟ್ಟೆ ಅರ್ಧ ತುಂಬಿತ್ತು. ತಟ್ಟೆಗೆ ಬಿದ್ದ ಎಣ್ಣೆಯಿಂದ ನಷ್ಟವಿಲ್ಲ. ಫಿಲ್ಮಿಗೆ ತಾಗಿದ ಎಣ್ಣೆಯೇ ಕೆಡುಕು. ಫಿಲ್ಮಿನ ಅಂಚಿನ ಧ್ವನಿಪಟ್ಟಿಗೆ ಅದು ಹರಡಿದರೆ ಮಾತು ಮಂಕಾಗುತ್ತದೆ. ಅದಕ್ಕೆ ಧೂಳು ಮೆತ್ತಿಕೊಂಡು, ಫಿಲ್ಮ್ ದೀಪದ ಮುಂದೆ ಹಾಯುವ ಗೇಟಿನಲ್ಲಿ ಉಜ್ಜಿದರೆ ಉದ್ದಕ್ಕೂ ಗೀರು. ಸಾಹುಕಾರರ ಬಳಿ ಇದ್ದ ಮೂರು ಹಳೆಯ ರೀಲುಗಳಲ್ಲಿ ಒಂದಕ್ಕೆ ಆಗಲೇ ಈ ಗತಿ ಬಂದಿತ್ತು.

ಎಣ್ಣೆ ತುಂಬಿದ ಡಬ್ಬಿಯಿರುವುದು ಗೇಟಿನ ಹಿಂದೆ. ಅದರೊಳಗೆ ನಾಲ್ಕು ಸೀಳಿನ ನಕ್ಷತ್ರದಂಥ ಚಕ್ರವಿದೆ. ಕ್ಯಾಬಿನ್ನಿನಲ್ಲಿ ಅದಕ್ಕೆ ನಾವು ಕ್ರಾಸ್ ಎನ್ನುತ್ತಿದ್ದೆವು. ಪಕ್ಕದ ತಟ್ಟೆಚಕ್ರದ ಪಿನ್ ಸುತ್ತಿಗೊಮ್ಮೆ ಸೀಳಿನೊಳಗೆ ಹೊಕ್ಕು ಕ್ರಾಸನ್ನು ಕಾಲು ಸುತ್ತು ತಿರುಗಿಸುತ್ತದೆ. ಅಷ್ಟಕ್ಕೆ ಹೊರಗಿನ 16 ಹಲ್ಲಿನ ಗಾಲಿ ನಾಲ್ಕು ಹಲ್ಲು ಸರಿದು ಒಂದು ಚಿತ್ರವನ್ನು ಕೆಳಗೆಳೆಯುತ್ತದೆ. ಸೆಕೆಂಡಿಗೆ 24 ಚಿತ್ರ ಎಂದರೆ ತಟ್ಟೆಚಕ್ರ ನಿಮಿಷಕ್ಕೆ 1440 ಸುತ್ತು. ಎಣ್ಣೆಯಿಲ್ಲದೆ ಅದು ಒಂದು ಆಟವನ್ನೂ ತಾಳಲಾರದು. ಹಾಗಾಗಿ ಸೋರುತ್ತದೆಂದು ಎಣ್ಣೆ ಕಡಿಮೆ ಹಾಕಿ ಓಡಿಸುವುದು ಮೂರ್ಖತನ.

ನಾನು ಮಾಡಿದ ಮೊದಲ ಕೆಲಸವೂ ಮೂರ್ಖತನವೇ. ಪಂಪು ಬಿಚ್ಚುವ ಕೈ ನೋಡಿ, ಸೋರಿಕೆ ಎಂದ ಕೂಡಲೇ ಗ್ಯಾಸ್ಕೆಟ್ ಎಂದುಕೊಂಡೆ. ಮುಚ್ಚಳ ತೆಗೆದು, ಹಳೆಯದನ್ನು ಕೆರೆದು, ಹೊಸ ಪ್ಯಾಕಿಂಗ್ ಪೇಪರ್ ಕತ್ತರಿಸಿ, ಎರಡೂ ಕಡೆ ದಪ್ಪಗೆ ಅಂಟು ಬಳಿದು ಸ್ಕ್ರೂಗಳನ್ನು ಸಾಮರ್ಥ್ಯವಿದ್ದಷ್ಟು ಬಿಗಿದೆ. ಮರುದಿನ ತಟ್ಟೆಯಲ್ಲಿ ಮೊದಲಿನಷ್ಟೇ ಎಣ್ಣೆ. ಮತ್ತೆ ಬಿಚ್ಚಿದಾಗ ಒಳಕ್ಕೆ ಹಿಸುಕಿಕೊಂಡು ಹೋಗಿದ್ದ ಅಂಟಿನ ಎಳೆಯೊಂದು ಎಣ್ಣೆಯಲ್ಲಿ ತೇಲುತ್ತಿತ್ತು. ಅದು ಕ್ರಾಸಿನ ಸೀಳಿಗೆ ಸಿಕ್ಕಿದ್ದರೆ ನಾನು ಸಾಹುಕಾರರಿಗೆ ಮುಖ ತೋರಿಸುವಂತಿರಲಿಲ್ಲ.

ಆಮೇಲೆ ಬುದ್ಧಿ ಬಂದು, ಎಲ್ಲಿಂದ ಸೋರುತ್ತಿದೆ ಎಂದು ಮೊದಲು ಹುಡುಕಿದೆ. ಹೊರಮೈಯನ್ನು ಸೀಮೆಎಣ್ಣೆಯಲ್ಲಿ ಒರೆಸಿ (ರಬ್ಬರಿಗೆ ತಾಗಿಸಬಾರದು, ಉಬ್ಬಿಬಿಡುತ್ತದೆ), ಒಣಗಿಸಿ, ಮಗುವಿಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿದೆ. ಫಿಲ್ಮ್ ಹಾಕದೆ ಹನ್ನೊಂದು ನಿಮಿಷ, ಅಂದರೆ ಸಾವಿರ ಅಡಿಯ ಒಂದು ರೀಲಿನಷ್ಟು ಹೊತ್ತು ಓಡಿಸಿದೆ. ಬಿಳಿ ಪುಡಿ ಹಾಗೆಯೇ ಇತ್ತು! ನಿಲ್ಲಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಹಲ್ಲುಗಾಲಿಯ ಶಾಫ್ಟಿನ ಬುಡದಿಂದ ಕಪ್ಪು ಗೆರೆಯೊಂದು ಇಳಿದಿತ್ತು. ಓಡುವಾಗ ಸೋರದು, ನಿಂತಾಗ ಸೋರುತ್ತದೆ.

ಶಾಫ್ಟನ್ನು ಹಿಡಿದಿರುವ ಬುಷ್ ಎಂಬ ಲೋಹದ ಬಳೆ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಈ ಮೆಷಿನ್ನಿನಲ್ಲಿ ರಬ್ಬರ್ ಸೀಲ್ ಇಲ್ಲವೇ ಇಲ್ಲ. ಬುಷ್ಷಿನೊಳಗೆ ಸುರುಳಿಯಾಗಿ ಒಂದು ಗೀರು ಕೊರೆದಿದ್ದಾರೆ. ಶಾಫ್ಟ್ ಸರಿಯಾದ ದಿಕ್ಕಿಗೆ ತಿರುಗುತ್ತಿರುವವರೆಗೆ ಆ ಗೀರು ಹೊರಗೆ ಬಂದ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ಎಣ್ಣೆಯ ಮಟ್ಟ ಶಾಫ್ಟಿಗಿಂತ ಕೆಳಗಿರಬೇಕು. ಹಿಮ್ಮುಖವಾಗಿ ತಿರುಗಿಸಿದರೆ ಅದೇ ಗೀರು ಎಣ್ಣೆಯನ್ನು ಹೊರಗೆ ಎಳೆಯುತ್ತದೆ.

ಸಾಹುಕಾರರು ಎರಡೂ ತಪ್ಪು ಮಾಡುತ್ತಿದ್ದರು. ಮೆಷಿನ್ ಓಡುತ್ತಿರುವಾಗ ಗಾಜಿನ ಕಿಂಡಿ ನೋಡುವುದು. ಆಗ ಎಣ್ಣೆ ಒಳಗೆಲ್ಲ ಎರಚಿಕೊಂಡು ಮಟ್ಟ ತಗ್ಗಿದಂತೆ ಕಾಣುತ್ತದೆ, ತಕ್ಷಣ ಇನ್ನಷ್ಟು ಸುರಿಯುವುದು. ಫಿಲ್ಮ್ ಪೋಣಿಸುವಾಗ ಚಿತ್ರ ಗೇಟಿಗೆ ಸರಿಯಾಗಿ ಕೂರದಿದ್ದರೆ ಮೆಷಿನ್ ತಿರುಗಿಸುವ ಗುಬ್ಬಿಯನ್ನು (ನಾಬ್) ಹಿಂದಕ್ಕೆ ತಿರುಗಿಸುವುದು. ಹೇಳಿದಾಗ ನಕ್ಕುಬಿಟ್ಟರು: "ಹಾಗಾದರೆ ಮೆಷಿನ್ನಿಗೆ ಅಲ್ಲ, ನನಗೆ ರಿಪೇರಿ ಬೇಕು."

ಮೆಷಿನ್ನಿಗೂ ಸ್ವಲ್ಪ ಬೇಕಿತ್ತು. ಡಬ್ಬಿಯ ಮೇಲೆ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಬಣ್ಣ, ಜಿಡ್ಡು ತುಂಬಿ ಮುಚ್ಚಿಹೋಗಿತ್ತು. ಒಳಗೆ ಬಿಸಿಯಾದ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಎಣ್ಣೆಯನ್ನೇ ಸಂದಿನಿಂದ ನೂಕುತ್ತದೆ. ತಂತಿಯಿಂದ ಬಿಡಿಸಿದೆ. ಮುಚ್ಚಳಕ್ಕೆ ತೆಳು ಪೇಪರ್, ಅಂಟು ಇಲ್ಲವೆಂಬಷ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿತ. ಒಳಗಿದ್ದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ನಮ್ಮ ಮಳೆಗಾಲದ ತೇವವೇ ಹೀಗೆ, ಗೋಡೆಯ ಕನ್ನಡಿಗೂ ಬೂಷ್ಟು ಹಿಡಿಯುತ್ತದೆ. ಅದನ್ನು ಚೆಲ್ಲಿ, ಯಾವ ಸೇರ್ಪಡೆಯೂ ಇಲ್ಲದ ಖನಿಜ ಎಣ್ಣೆ ತುಂಬಿದೆ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು, ಸೋರಿಕೆಯನ್ನು ಹೆಚ್ಚಿಸುತ್ತದೆ. ಕೊಬ್ಬರಿ ಎಣ್ಣೆ ಹಾಕಬಹುದೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಕೇಳಿದರು. ಕೊಡಗಿನ ಚಳಿಗೆ ಅದು ಡಬ್ಬಿಯೊಳಗೇ ಗಟ್ಟಿಯಾಗುತ್ತದೆ. ತೇವ ಹಿಡಿಯದಂತೆ, ರಾತ್ರಿ ಕಪಾಟಿನೊಳಗೆ ಉರಿಸುವಂಥ ಸಣ್ಣ ಬಲ್ಬೊಂದನ್ನು ಮೆಷಿನ್ನಿನ ಹೊದಿಕೆಯೊಳಗೂ ಇಟ್ಟೆ.

ಸೆಪ್ಟೆಂಬರಿನಲ್ಲಿ, ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬದ ದಿನ ಕೋವಿ, ಕತ್ತಿಗಳ ಪಕ್ಕದಲ್ಲಿ ಪ್ರೊಜೆಕ್ಟರಿಗೂ ಹೂವು ಏರಿತು. ಸಂಜೆ ಚೆನ್ನಾಗಿದ್ದ ಎರಡು ರೀಲುಗಳನ್ನು ಬಿಳಿ ಪಂಚೆಯ ಮೇಲೆ ತೋರಿಸಿದೆವು. ಬೆಳಿಗ್ಗೆ ಅಡಿಯಲ್ಲಿ ಹಾಸಿದ್ದ ಪತ್ರಿಕೆಯ ಮೇಲೆ ಕಾಫಿ ಬೀಜದಷ್ಟು ಕಲೆ. ಸಾಹುಕಾರರು ಅದನ್ನೂ ನಿಲ್ಲಿಸು ಎಂದರು. ಪಂಪಿನ ಶಾಫ್ಟಿನ ಸುತ್ತ ನೀರು ತಡೆಯುವ ಗ್ಲ್ಯಾಂಡನ್ನು ಹನಿ ನಿಲ್ಲುವಷ್ಟು ಬಿಗಿದು ಶಾಫ್ಟ್ ಸುಟ್ಟುಕೊಂಡ ಹಳೆಯ ಕಥೆಯನ್ನು ಅವರಿಗೆ ನೆನಪಿಸಿದೆ. ಪತ್ರಿಕೆ ಬದಲಿಸಿ ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡೆ.