ದ್ರಾಸ್‌ನಲ್ಲಿ ನಾನೆಳೆದ ಜೋಡಿ ಲೈನು

ಕಾರ್ಗಿಲ್ ಯುದ್ಧದಲ್ಲಿ, 1999ರ ಜುಲೈ 3ರ ರಾತ್ರಿ ದ್ರಾಸ್ ಬಳಿಯ ಟೈಗರ್ ಹಿಲ್ ಶಿಖರದ ಮೇಲೆ ದಾಳಿ ಶುರುವಾದಾಗಿನಿಂದ ಬೆಳಗಾಗುವವರೆಗೆ ನನ್ನ ಟೆಲಿಫೋನ್ ಲೈನು ಒಂದು ಸಲವೂ ಸಾಯಲಿಲ್ಲ. ಬೆಳಗ್ಗೆ ಮೇಲೆ ಹೋಗಿ ನೋಡಿದರೆ ಒಂಬತ್ತು ಕಡೆ ತುಂಡಾಗಿತ್ತು. ಒಂಬತ್ತು ಕಡೆ ತುಂಡಾದ ಲೈನು ಹೇಗೆ ಮಾತಾಡಿತು ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತ ಬಂದೆ. ಈಗ ಬರೆದಿಡುತ್ತಿದ್ದೇನೆ. ಸಿಗ್ನಲ್ಸ್‌ನಲ್ಲಿ, ಅಂದರೆ ಸೇನೆಯ ಸಂಪರ್ಕ ದಳದಲ್ಲಿ, ಕೆಲಸ ಮಾಡಿದವರಿಗೆ ಡ್ರಮ್ಮು (ತಂತಿ ಸುತ್ತುವ ಉರುಳೆ), ಫೀಲ್ಡ್ ಫೋನು (ಹಿಡಿ ತಿರುಗಿಸಿ ಕರೆಯುವ ಫೋನು), ಫಾಲ್ಟ್ (ಲೈನು ಕೆಟ್ಟ ಜಾಗ) ಹುಡುಕುವುದು ಇವನ್ನೆಲ್ಲ ಇದಕ್ಕಿಂತ ವಿವರಿಸುವ ಅಗತ್ಯವಿಲ್ಲ, ಬಿಡುತ್ತೇನೆ.

ನಾನು ಅರಸೀಕೆರೆ ಕಡೆಯವನು. 1991ರಲ್ಲಿ ಸೇರಿದೆ, ಗೋವಾದಲ್ಲಿ ಟ್ರೇನಿಂಗ್. ಕಾರ್ಗಿಲ್ ಹೊತ್ತಿಗೆ ನಾಯಕ್ (ಹವಾಲ್ದಾರರಿಗಿಂತ ಒಂದು ದರ್ಜೆ ಕೆಳಗೆ) ಆಗಿದ್ದೆ, ತೋಪುಗಳ ಒಂದು ರೆಜಿಮೆಂಟಿನ ಜೊತೆ ಲೈನ್ ಪಾರ್ಟಿಯಲ್ಲಿ, ಅಂದರೆ ತಂತಿ ಎಳೆಯುವ ತಂಡದಲ್ಲಿದ್ದೆ. ಮೇ ಕೊನೆಯ ವಾರ ಜೋಜಿಲಾ ಕಣಿವೆದಾರಿ ದಾಟಿ ದ್ರಾಸ್‌ಗೆ ಬಂದೆವು. ತೋಪುಗಳು ಕೆಳಗೆ, ರಸ್ತೆಯ ಆಸುಪಾಸಿನಲ್ಲಿ. ಗುರಿ ನೋಡಿ ಹೇಳುವ ಓಪಿ (ವೀಕ್ಷಣಾ ಠಾಣೆ) ಸಾಹೇಬರು ಮೇಲೆ, ಗುಡ್ಡದ ಬೆನ್ನಿನ ಮೇಲೆ. ನಡುವೆ ಸುಮಾರು 6 ಕಿಲೋಮೀಟರ್ ತಂತಿ, ಅದೇ ನನ್ನ ಹೊಣೆ. ರೇಡಿಯೋ ಇತ್ತು. ಆದರೆ ಗುಡ್ಡ ಅಡ್ಡ ಬಂದರೆ ಅದು ಮೂಕ, ಚಳಿಗೆ ಬ್ಯಾಟರಿ ಕೂರುತ್ತಿತ್ತು, ಮಾತಾಡಿದ್ದನ್ನು ಆಚೆಯವನೂ ಕೇಳುತ್ತಿದ್ದ.

ಆ ಎತ್ತರದಲ್ಲಿ ಗಾಳಿ ತೆಳು. ಬೋಫೋರ್ಸ್ ತೋಪಿನ 43 ಕಿಲೋ ಶೆಲ್ ಗುರಿಯ ದೂರ ಹೇಳುವ ಕೋಷ್ಟಕದ ಲೆಕ್ಕಕ್ಕಿಂತ ಮುಂದೆ ಹೋಗಿ ಬೀಳುತ್ತಿತ್ತು. ಚೂಪು ಶಿಖರದ ಮೇಲೆ 50 ಮೀಟರ್ ಹೆಚ್ಚಾದರೆ ಶೆಲ್ ಆಚೆ ಕಣಿವೆಗೆ, ಕಡಿಮೆಯಾದರೆ ಹತ್ತುತ್ತಿರುವ ನಮ್ಮ ಹುಡುಗರ ತಲೆಯ ಮೇಲೆ. ಮೇಲಿನಿಂದ 'ಡ್ರಾಪ್ 100', ಅಂದರೆ ನೂರು ಮೀಟರ್ ಹಿಂದಕ್ಕೆ ಹೊಡಿ, ಅಂತ ಹೇಳಿದ್ದು ಕೆಳಗೆ ಕೇಳಲೇಬೇಕು. ಲೈನು ಸತ್ತರೆ ತೋಪು ಕುರುಡಾಗುತ್ತದೆ. ನನಗೆ ನಿದ್ದೆ ಬಾರದ್ದು ಅದಕ್ಕೇ.

ಮೊದಲ ಲೈನನ್ನು ಕಲಿಸಿದಂತೆ ಕಾಲುದಾರಿಯ ಪಕ್ಕ ಎಳೆದೆವು. ಮೊದಲ ರಾತ್ರಿಯೇ ಹತ್ತೋ ಹನ್ನೊಂದೋ ಕಡೆ ಹೋಯಿತು. ಅರ್ಧ ಶೆಲ್ಲಿನಿಂದ, ಇನ್ನರ್ಧ ಹೇಸರಗತ್ತೆಗಳ ಕಾಲಿಗೆ ಸಿಕ್ಕಿ. ಎರಡನೆಯದನ್ನು ಹಳ್ಳದ ಮಗ್ಗುಲಲ್ಲಿ ಇಳಿಸಿದೆ, ಅಲ್ಲಿ ಶೆಲ್ ಬೀಳುವುದು ಕಡಿಮೆ ಅಂತ. ಬೆಳಗ್ಗೆ ಪಾದ ಮುಳುಗದ ಹಳ್ಳ, ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನ ಮೊಣಕಾಲಿನ ಮೇಲೆ ಬಂತು. ಬಂಡೆಗಳು ಉರುಳಿದವು. ಸುಮಾರು 700 ಮೀಟರ್ ತಂತಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಬೈಸಿಕೊಂಡೆ, ಬೈದದ್ದು ಸರಿಯೇ.

ಆಗ ಹೊಳೆದದ್ದು ಏಣಿ. ಎರಡು ಜೋಡಿ ತಂತಿ, ನಡುವೆ ಮೂವತ್ತು ನಲವತ್ತು ಹೆಜ್ಜೆ ಅಂತರ, ಪ್ರತಿ ಎಂಬತ್ತು ಹೆಜ್ಜೆಗೆ ಒಂದಕ್ಕೊಂದು ಅಡ್ಡ ತಂತಿಯ ಮೆಟ್ಟಿಲು. ಒಂದು ಪಕ್ಕ ತುಂಡಾದರೆ ಮಾತು ಇನ್ನೊಂದು ಪಕ್ಕದಿಂದ ಸುತ್ತಿ ಹೋಗುತ್ತದೆ. ಒಂದರ ಪಕ್ಕದಲ್ಲೊಂದಿರುವ ಎರಡು ಮೆಟ್ಟಿಲುಗಳ ನಡುವೆ ಎರಡೂ ಪಕ್ಕ ಹೋದರೆ ಮಾತ್ರ ಲೈನು ಸಾಯುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲೇ ಮಾಡುತ್ತಿದ್ದರು, ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದರು. ನಮ್ಮ ಹಿರಿಯ ಹವಾಲ್ದಾರರು ಕೇಳಿದೊಡನೆ ಬೇಡವೆಂದು ತಲೆಯಾಡಿಸಿದರು: "ತಂತಿ ಎರಡರಷ್ಟು, ಜಾಯಿಂಟು ನೂರೆಂಟು. ಒಂದು ಲೈನು ಉಳಿಸೋಕೆ ಆಗ್ತಿಲ್ಲ, ಎರಡು ಎಳೀತೀಯಾ?" ಅವರ ಮಾತಿನಲ್ಲೂ ಅರ್ಥವಿತ್ತು. ಅಪಾಯದ ಮೇಲಿನ 3 ಕಿಲೋಮೀಟರಿಗೆ ಮಾತ್ರ ಮಾಡಿದರೂ ಐವತ್ತು ಮೆಟ್ಟಿಲು, ಒಂದೊಂದಕ್ಕೆ ನಾಲ್ಕರಂತೆ ಇನ್ನೂರು ಜಾಯಿಂಟು. ಎಲ್ಲವೂ ಕತ್ತಲಲ್ಲಿ, ಮರಗಟ್ಟಿದ ಬೆರಳಿನಲ್ಲಿ.

ತಂತಿ ಕೇಳಿದಷ್ಟು ಸಿಗಲಿಲ್ಲ. ಹಳ್ಳದ ಬದಿಯಲ್ಲಿ ಯಾರೋ ಎಳೆದು ಬಿಟ್ಟುಹೋಗಿದ್ದ ಹಳೆಯ ಲೈನುಗಳನ್ನು ಎರಡು ರಾತ್ರಿ ಸುತ್ತಿ ತಂದೆವು. ಇನ್ಸುಲೇಷನ್ ಟೇಪು ಆ ಚಳಿಗೆ ಅಂಟುತ್ತಲೇ ಇರಲಿಲ್ಲ, ಇಬ್ಬನಿ ಬಿದ್ದರೆ ಜಾಯಿಂಟು ಸೋರಿ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ನಮ್ಮೂರಲ್ಲಿ ಬೋರ್‌ವೆಲ್‌ಗೆ ಮೋಟರು ಇಳಿಸುವಾಗ ಕೇಬಲ್ ಜಾಯಿಂಟಿಗೆ ಟೇಪು ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಜಗ್ಗಿ ಬಿಗಿಯುತ್ತಾರೆ. ಮುನ್ನೂರು ಅಡಿ ನೀರಿನೊಳಗೆ ವರ್ಷಗಟ್ಟಲೆ ಇರುತ್ತದೆ. ಅಪ್ಪನ ಜೊತೆ ನಿಂತು ನೋಡಿದ್ದೆ. ಶ್ರೀನಗರದ ಕಡೆ ಹೋಗುತ್ತಿದ್ದ ಒಬ್ಬ ಲಾರಿ ಡ್ರೈವರನ ಕೈಗೆ ಐನೂರು ರೂಪಾಯಿ ಕೊಟ್ಟು ಹಳೆಯ ಟ್ಯೂಬು, ಒಳ್ಳೆಯ ಟೇಪು ತರಿಸಿದೆ. ನನ್ನ ಸ್ವಂತ ದುಡ್ಡು. ಆಗ ಸಂಬಳ ಕೈಗೆ ಐದು ಸಾವಿರದ ಆಸುಪಾಸು ಬರುತ್ತಿತ್ತು. ಆ ತಿಂಗಳು ಮನೆಗೆ ಮನಿಯಾರ್ಡರು ಐನೂರು ಕಡಿಮೆ ಹೋಯಿತು. 'ಪೋಸ್ಟ್‌ಮ್ಯಾನ್ ಹಿಡಿದುಕೊಂಡನೋ ಏನೋ, ವಿಚಾರಿಸಿ' ಅಂತ ಹೆಂಡತಿ ಇನ್‌ಲ್ಯಾಂಡ್ ಬರೆದಿದ್ದಳು. ಅದು ನನ್ನ ಕೈಗೆ ಬಂದದ್ದು ಯುದ್ಧ ಮುಗಿದ ಮೇಲೆ.

ಜೂನ್ 13ಕ್ಕೆ ತೊಲೋಲಿಂಗ್ ಶಿಖರ ನಮ್ಮ ಕೈಗೆ ಬಂತು. ಅದಾದ ಮೂರ್ನಾಲ್ಕು ದಿನಕ್ಕೆ ಏಣಿ ಎಳೆಯಲು ಹೊರಟೆವು. ಜೊತೆಗೆ ಒಬ್ಬ ಗಢವಾಲಿ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಹೆಸರು ಬರೆಯುವುದಿಲ್ಲ, ಅವನ ಮನೆಯವರು ಇದ್ದಾರೆ. ನನ್ನನ್ನು 'ಉಸ್ತಾದ್' ಅನ್ನುತ್ತಿದ್ದ. ಮೊದಲ ರಾತ್ರಿ ಇಪ್ಪತ್ತು ಮೆಟ್ಟಿಲು ಕಟ್ಟಿ ಫೋನಿನ ಹಿಡಿ ತಿರುಗಿಸಿದರೆ ಲೈನು ಪೂರ್ತಿ ಸತ್ತಿದೆ. ಎಲ್ಲೋ ಒಂದು ಮೆಟ್ಟಿಲಿನಲ್ಲಿ ಎಳೆ ಅದಲುಬದಲಾಗಿ ಶಾರ್ಟ್ ಆಗಿತ್ತು. ಅಂಥದೊಂದು ತಪ್ಪು ಸಾಕು, ಏಣಿ ಪೂರ್ತಿ ಮಲಗುತ್ತದೆ. ಟಾರ್ಚು ಹಾಕುವಂತಿಲ್ಲ, ಎದುರು ಶಿಖರದವನು ಕಾಯುತ್ತಿದ್ದ. ಮೆಟ್ಟಿಲು ಮೆಟ್ಟಿಲು ಬಿಚ್ಚಿ ನೋಡುತ್ತ ನಾಲ್ಕು ಗಂಟೆ ಹೋಯಿತು. ಹವಾಲ್ದಾರರು ಹೇಳಿದ್ದೇ ನಿಜವಾಯಿತು ಅಂದುಕೊಂಡೆ.

ದಾರಿ ತೋರಿಸಿದವನು ಆ ಹುಡುಗ. "ಉಸ್ತಾದ್, ಕಣ್ಣು ಬೇಡ, ಬೆರಳು ಸಾಕು" ಅಂದ. ಜೋಡಿಯ ಎರಡೆಳೆಯಲ್ಲಿ ಒಂದಕ್ಕೆ, ಪ್ರತಿ ಜಾಯಿಂಟಿನ ಪಕ್ಕ, ಸಣ್ಣ ಗಂಟು. ಗಂಟಿನದು ಗಂಟಿನದಕ್ಕೆ, ನುಣುಪಿನದು ನುಣುಪಿನದಕ್ಕೆ. ಆಮೇಲೆ ಒಂದು ಮೆಟ್ಟಿಲೂ ತಪ್ಪಲಿಲ್ಲ. ನಾನು ಹಾಕುತ್ತಿದ್ದುದು ಒಂದೇ ಗಂಟು, ಅವನು ಯಾವಾಗಲೂ ಎರಡು ಹಾಕುತ್ತಿದ್ದ.

ಇನ್ನೊಂದು ಪಾಠ, ಬಿಗಿಯಾಗಿ ಎಳೆಯಬಾರದು. ಬಿಗಿ ತಂತಿ ಹರಿದರೆ ಎರಡೂ ತುದಿ ಚಿಮ್ಮಿ ಎಲ್ಲೋ ಹೋಗುತ್ತವೆ, ಕತ್ತಲಲ್ಲಿ ಸಿಗುವುದಿಲ್ಲ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಒಂದು ಸುತ್ತು ಸಡಿಲ ಬಿಟ್ಟು ಕಲ್ಲಿನಡಿ ಒತ್ತಿದರೆ ತುದಿ ಅಲ್ಲೇ ಬಿದ್ದಿರುತ್ತದೆ. ಆ ಸಡಿಲು ಸೇರಿಸಲೂ ಬರುತ್ತದೆ. ಏಣಿಯ ದೊಡ್ಡ ತೊಂದರೆಯನ್ನೂ ಹೇಳಲೇಬೇಕು. ತುಂಡಾದರೂ ಮಾತು ನಡೆಯುವುದರಿಂದ ತುಂಡಾದದ್ದು ಗೊತ್ತಾಗುವುದೇ ಇಲ್ಲ. ಹಾಗೆ ಬಿಟ್ಟರೆ ಒಂದು ದಿನ ಎರಡೂ ಪಕ್ಕ ಒಟ್ಟಿಗೆ ಹೋಗುತ್ತವೆ. ಯಾವ ಮೆಟ್ಟಿಲಿನ ನಡುವೆ ತುಂಡಾಗಿದೆ ಅಂತ ಮೇಲೆ ಹೋಗದೆ, ಕೆಳಗೆ ಕೂತೇ ಅಂದಾಜು ಹಿಡಿಯುವ ಒಂದು ಉಪಾಯ ಮಾಡಿಕೊಂಡಿದ್ದೆ. ಅದನ್ನು ಬರೆಯುವುದಿಲ್ಲ, ಈಗಲೂ ಯಾರಿಗಾದರೂ ಬೇಕಾಗಬಹುದಾದದ್ದು. ನನ್ನ ಕೈಕೆಳಗೆ ಕಲಿತ ನಾಲ್ಕೈದು ಜನಕ್ಕೆ ಹೇಳಿಕೊಟ್ಟಿದ್ದೇನೆ.

ಬಿಡುವಿನಲ್ಲಿ ಬೇರೆ ಪ್ರಯೋಗಗಳೂ ನಡೆದವು. ಓಪಿಯಲ್ಲಿ ಫೋನಿನ ಗಂಟೆ ಬಡಿದರೆ ಎದುರು ಬಂಕರಿಗೆ ಕೇಳೀತು ಅಂತ ಗಂಟೆಗೆ ಉಣ್ಣೆಯ ಕಾಲುಚೀಲ ತುರುಕಿದೆ. ಆಗ ನಮ್ಮ ಆಪರೇಟರನಿಗೂ ಕೇಳಲಿಲ್ಲ. ಕೊನೆಗೆ ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗುವುದು ರೂಢಿಯಾಯಿತು, ನಡುಕಕ್ಕೆ ಎಚ್ಚರವಾಗುತ್ತಿದ್ದ. ಸೆಲ್ಲುಗಳನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸತ್ತವು ಎಂದುಕೊಂಡವೂ ಒಂದೆರಡು ಗಂಟೆ ಕೆಲಸ ಕೊಡುತ್ತಿದ್ದವು. ಬೇಳೆ ಮಾತ್ರ ಸೋಲಿಸಿತು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಬಿಸಿಯಾಗಿರುವುದಿಲ್ಲ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ. ರಾತ್ರಿಯಿಡೀ ನೆನೆಸಿ ನೋಡಿದೆ. ನೀರು ಹೆಪ್ಪುಗಟ್ಟಿತು.

ಜೂನ್ ಕೊನೆಯಲ್ಲಿ, 28ನೇ ತಾರೀಖು ಇರಬೇಕು, ರಿಪೇರಿಗೆ ಹೋದಾಗ ಹುಡುಗ ಎಡಪಕ್ಕದ ತಂತಿಯಲ್ಲಿದ್ದ, ನಾನು ಬಲಪಕ್ಕದಲ್ಲಿ. ಅಂತರ ನಲವತ್ತು ಹೆಜ್ಜೆ, ನಾನೇ ಅಳೆದು ಇಟ್ಟದ್ದು. ಶೆಲ್ ಬಂದ ಸದ್ದು ಕೇಳಿ ಮಲಗಿದೆ. ಕಲ್ಲಿನ ಚೂರುಗಳು ತುಂಬ ಹೊತ್ತು ಬೀಳುತ್ತಲೇ ಇದ್ದವು. ಎದ್ದು ಕೂಗಿದೆ, ಉತ್ತರ ಬರಲಿಲ್ಲ. ಅವನ ಕೈಯಲ್ಲಿ ಟ್ಯೂಬಿನ ಪಟ್ಟಿ ಇತ್ತು. ಆ ಜಾಯಿಂಟನ್ನು ಮುಗಿಸಿ ಆಮೇಲೆ ಅವನನ್ನು ಇಳಿಸಿದೆವು. ಲೈನಿನಲ್ಲಿ ಆಗ ತೋಪುಗಳಿಗೆ ಫೈರ್ ಆದೇಶ ಹೋಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಅಂತ ಇಷ್ಟು ವರ್ಷವೂ ಯೋಚಿಸಿದ್ದೇನೆ.

ಜುಲೈ 3ರ ಸಂಜೆ ನೂರಕ್ಕೂ ಹೆಚ್ಚು ತೋಪುಗಳು ಟೈಗರ್ ಹಿಲ್ ಕಡೆ ತಿರುಗಿದವು. ಬೋಫೋರ್ಸ್‌ಗಳಲ್ಲಿ ಕೆಲವು ನೇರ ಕಣ್ಣಿಗೆ ಕಾಣುವ ಗುರಿಗೇ ಹೊಡೆದವು. ನಾನು ನಡುದಾರಿಯಲ್ಲಿ, ಬಂಡೆಯ ಮರೆಯಲ್ಲಿ, ಏಣಿಗೆ ಫೋನು ಸಿಕ್ಕಿಸಿಕೊಂಡು ಕೂತಿದ್ದೆ. ಆಚೆಯಿಂದಲೂ ಶೆಲ್ ಬಂತು. ಪ್ರತಿ ಸಲವೂ ಈಗ ಹೋಯಿತು ಅಂದುಕೊಂಡು ಕಿವಿಗಿಟ್ಟರೆ ಓಪಿ ಸಾಹೇಬರ ದನಿ ಹಾಗೇ ಇರುತ್ತಿತ್ತು. ಬೆಳಗಿನ ಜಾವ ನಮ್ಮ ಗ್ರೆನೇಡಿಯರ್ ಪಡೆಯ ಕಾಲಾಳುಗಳು ತುದಿಯಲ್ಲಿದ್ದಾರೆ ಎಂಬ ಮಾತು ಬಂತು. ಹವಾಲ್ದಾರರು ಕೆಳಗಿನಿಂದ ಫೋನಿನಲ್ಲಿ ಕೇಳಿದರು, "ಇನ್ನೂ ಬದುಕಿದೆಯಾ ನಿನ್ನ ಏಣಿ?" "ನೀವು ಮಾತಾಡ್ತಾ ಇರೋದೇ ಅದರಲ್ಲಿ ಸಾಬ್" ಅಂದೆ. ಮುಂದಿನ ವಾರ ಅವರೇ ಬೇರೆ ಪಾರ್ಟಿಗೂ ಕಲಿಸು ಅಂದರು.

ಆಗಸ್ಟ್‌ನಲ್ಲಿ ತಂತಿ ವಾಪಸ್ ಸುತ್ತಬೇಕಾಯಿತು. ಪಡೆದದ್ದಕ್ಕೂ ಒಪ್ಪಿಸುವುದಕ್ಕೂ ತಾಳೆಯಾಗಲಿಲ್ಲ, ಆ 700 ಮೀಟರ್ ಬಗ್ಗೆ ಮೂರು ಸಲ ಬರೆದುಕೊಡಬೇಕಾಯಿತು. ಜಾಯಿಂಟು ಬಿಚ್ಚಿ, ತಂತಿ ನೇರ ಮಾಡಿ ಡ್ರಮ್ಮಿಗೆ ಸುತ್ತಿ ಕೊಡಬೇಕು ಎಂಬ ಹುಕುಂ ಇತ್ತು. ನನ್ನ ಗಂಟುಗಳನ್ನೆಲ್ಲ ಬಿಚ್ಚಿದೆ. ಎರಡು ಗಂಟಿನವು ಬೆರಳಿಗೆ ಸಿಕ್ಕಾಗ ಬಿಚ್ಚಲಿಲ್ಲ. ಹಾಗೆಯೇ ಸುತ್ತಿ ಸ್ಟೋರಿಗೆ ಒಪ್ಪಿಸಿದೆ.