ಕುದುರೆಮರಿಗೆ ಜಂತಿನ ಔಷಧಿ: ಮೊದಲು ತೂಕ, ಆಮೇಲೆ ಟ್ಯೂಬ್

ಹೊಟ್ಟೆ ಉಬ್ಬಿ, ಮೈಕೂದಲು ಒರಟಾದ ಮರಿಯನ್ನು ಕಂಡೊಡನೆ ಹುಳುವಿನ ಬಾಧೆಯೆಂದು ಗುರುತಿಸುವುದರಲ್ಲಿ ನಮ್ಮ ರಾಯಚೂರು, ಕೊಪ್ಪಳ ಸೀಮೆಯ ಕುದುರೆ ಸಾಕುವವರು ಎಡವುವುದಿಲ್ಲ. ಎಡವುವುದು ಔಷಧಿಯ ಅಳತೆಯಲ್ಲಿ. ದೊಡ್ಡ ಕುದುರೆಗೆ ತಂದ ಟ್ಯೂಬಿನಲ್ಲಿ ಮಿಕ್ಕಿದ್ದನ್ನೆಲ್ಲ ಮರಿಯ ಬಾಯಿಗೆ ಒತ್ತಿಬಿಡುವುದನ್ನು ಕುರಿಹಟ್ಟಿಗಳಲ್ಲಿ ನೋಡುತ್ತಲೇ ಬಂದಿದ್ದೇನೆ.

ಎರಡು ತಿಂಗಳು ತುಂಬುವವರೆಗೆ ಮರಿಗೆ ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ. ಅನಂತರ ಪಶುವೈದ್ಯರನ್ನು ಕೇಳಿ ಫೆನ್‌ಬೆಂಡಜೋಲ್ ಎಂಬ ಜಂತಿನ ಔಷಧಿಯಿಂದ ಆರಂಭಿಸುವುದೇ ಲೇಸು. ಅಳತೆ ತುಸು ಹೆಚ್ಚಾದರೂ ಅದು ಸುಲಭಕ್ಕೆ ವಿಷವಾಗದು, ಹುಳುಗಳನ್ನೂ ನಿಧಾನವಾಗಿ ಕೊಲ್ಲುತ್ತದೆ. ಹುಳು ತುಂಬಿದ ಮರಿಗೆ ಅವುಗಳನ್ನು ಒಮ್ಮೆಲೇ ಮರಗಟ್ಟಿಸುವ ಔಷಧಿ ಕೊಟ್ಟರೆ, ದುಂಡುಹುಳುಗಳ ಗಂಟು ಕರುಳನ್ನು ಕಟ್ಟಿ ಪ್ರಾಣಕ್ಕೇ ಎರವಾದೀತು. ಆರು ತಿಂಗಳೊಳಗಿನ ಮರಿಗೂ ಬಡಕಲು ಮರಿಗೂ ಮಾಕ್ಸಿಡೆಕ್ಟಿನ್ ಎಂಬ ಜಂತಿನ ಔಷಧಿ ಬೇಡವೇ ಬೇಡ. ಅಗ್ಗವೆಂದು ಅಂಗಡಿಯವರು ಕೊಡುವ, ದನಗಳಿಗೆಂದೇ ತಯಾರಾದ ಐವರ್ಮೆಕ್ಟಿನ್ ಎಂಬ ಇನ್ನೊಂದು ಜಂತಿನ ಔಷಧಿಯ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಿಸಬಾರದು.

ಇನ್ನು ತೂಕ. ಕಣ್ಣಂದಾಜು ಸಾಲದು. ಹತ್ತಿ, ಭತ್ತ ತೂಗುವ ಮಂಡಿಯ ತೂಕದ ಯಂತ್ರದ ಮೇಲೆ ಮರಿಯನ್ನು ಹಿಡಿದುಕೊಂಡು ನಿಂತು, ಬಂದ ತೂಕದಲ್ಲಿ ನಿಮ್ಮ ತೂಕವನ್ನು ಕಳೆಯಿರಿ. ವೈದ್ಯರು ಐವರ್ಮೆಕ್ಟಿನ್ ಪೇಸ್ಟನ್ನು ಹೇಳಿದರೆ ಅದರ ಪ್ರಮಾಣ ಪ್ರತಿ ಕೆ.ಜಿ.ಗೆ 0.2 ಮಿ.ಗ್ರಾಂ, ಅಂದರೆ 60 ಕೆ.ಜಿ. ಮರಿಗೆ 12 ಮಿ.ಗ್ರಾಂ. 600 ಕೆ.ಜಿ. ಕುದುರೆಗೆಂದು ತುಂಬಿದ ಟ್ಯೂಬಿನಲ್ಲಿ 120 ಮಿ.ಗ್ರಾಂ ಇರುವುದರಿಂದ, ಅದನ್ನು ಪೂರ್ತಿ ಒತ್ತಿದರೆ ಮರಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಒತ್ತುವ ದಂಡದ ಮೇಲಿರುವ ತಿರುಗುವ ಬಿಲ್ಲೆಯನ್ನು ಸರಿಯಾದ ಗುರುತಿಗೆ ತಂದು, ಬಿಗಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಸರಿಸಿ ನೋಡಲೇಬೇಕು. ಬಿಲ್ಲೆ ಸಡಿಲವಿದ್ದರೆ ಒಂದೇ ಒತ್ತಿಗೆ ಎಲ್ಲವೂ ಒಳಗೆ ಹೋಗುತ್ತದೆ. ಸಣ್ಣ ಮರಿಗಳಿಗೆ ಈ ಗುರುತುಗಳನ್ನೇ ನಾನು ನಂಬುವುದಿಲ್ಲ. ವೈದ್ಯರಿಂದಲೇ ಲೆಕ್ಕ ಹಾಕಿಸಿ, ಸೂಜಿಯಿಲ್ಲದ ಚಿಕ್ಕ ಸಿರಿಂಜಿಗೆ ಅಷ್ಟನ್ನೇ ತುಂಬಿಸಿಕೊಳ್ಳಿ.

ಬಾಯಿ ಖಾಲಿಯಿದ್ದಾಗ ನಾಲಿಗೆಯ ಹಿಂಭಾಗಕ್ಕೆ ಹಚ್ಚಿದರಾಯಿತು.

ಆಮೇಲಿನ ಎರಡು ದಿನ ಮರಿಯ ಮೇಲೆ ಕಣ್ಣಿರಲಿ. ಕೆಳತುಟಿ ಜೋತುಬಿದ್ದರೆ, ಕಣ್ಣಿನ ಪಾಪೆ ಹಿಗ್ಗಿದರೆ, ನಡಿಗೆ ತೂರಾಡಿದರೆ, ಮೈ ನಡುಗಿದರೆ ಕೂಡಲೇ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ಐವರ್ಮೆಕ್ಟಿನ್‌ಗೆ ಪ್ರತಿವಿಷವಿಲ್ಲ, ಆದರೆ ಬೇಗನೆ ಆರೈಕೆ ಸಿಕ್ಕ ಮರಿ ಚೇತರಿಸಿಕೊಳ್ಳಬಲ್ಲದು. ಮಜ್ಜಿಗೆ, ಎಣ್ಣೆ ಕುಡಿಸಬೇಡಿ. ನುಂಗಲಾರದ ಮರಿಯ ಶ್ವಾಸಕೋಶಕ್ಕೆ ಅದು ಇಳಿಯುತ್ತದೆ. ನೆರಳಿನಲ್ಲಿ ಮೆತ್ತನೆಯ ಹುಲ್ಲಿನ ಮೇಲೆ ಮಲಗಿಸಿ, ಆಗಾಗ ಮಗ್ಗುಲು ಬದಲಿಸಿ. ಎಷ್ಟು ಔಷಧಿ ಹೋಗಿದೆಯೆಂದು ವೈದ್ಯರು ಲೆಕ್ಕ ಹಾಕಲು ಖಾಲಿ ಟ್ಯೂಬನ್ನು ಎತ್ತಿಟ್ಟುಕೊಂಡಿರಿ.