ಗೋಧಿಯೇ ನಾಯಿಗೆ ಆಗುತ್ತಿಲ್ಲವೇ? ಪತ್ತೆ ಮಾಡುವುದು ಹೀಗೆ

ಮರಿ ಚೆನ್ನಾಗಿಯೇ ತಿನ್ನುತ್ತದೆ, ಆದರೂ ಮೈ ಹಿಡಿಯುವುದಿಲ್ಲ. ಆರು ತಿಂಗಳ ಹೊತ್ತಿಗೆ ಪಕ್ಕೆಲುಬು ಎದ್ದು ಕಾಣುತ್ತದೆ, ಭೇದಿ ನಿಲ್ಲುವುದಿಲ್ಲ. ಐರಿಷ್ ಸೆಟ್ಟರ್ ತಳಿಯ ಕೆಲವು ನಾಯಿಗಳಲ್ಲಿ ಇದಕ್ಕೆ ಕಾರಣ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್. ಸಣ್ಣ ಕರುಳಿನಲ್ಲಿ ಸತ್ವ ಹೀರುವ ಬೆರಳಿನಂಥ ಎಳೆಗಳು ಅದರಿಂದ ಮೊಟಕಾಗುತ್ತವೆ. ಬ್ರಿಟನ್ನಿನ ಸಂಶೋಧಕರು ಇದನ್ನು 1980ರ ದಶಕದಲ್ಲೇ ಗುರುತಿಸಿದರು. ಬಾರ್ಡರ್ ಟೆರಿಯರ್ ತಳಿಯಲ್ಲಿ ಗ್ಲುಟೆನ್ ತೊಂದರೆ ಬೇರೆ ರೀತಿ: ಎಚ್ಚರವಿದ್ದಾಗಲೇ ಕೈಕಾಲು ಸೆಟೆದು ನಡುಗುತ್ತವೆ.

ಬೇರೆ ನಾಯಿಗಳಲ್ಲಿ ಮಾತ್ರ ಸುಮ್ನೆ ಗೋಧಿಯ ಮೇಲೆ ತಪ್ಪು ಹೊರಿಸಬೇಡಿ. ಜಂತುಹುಳು, ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮ ಪರೋಪಜೀವಿ, ಮೇದೋಜೀರಕ ಗ್ರಂಥಿಯ ತೊಂದರೆಯಲ್ಲೂ ಹೀಗೇ ಆಗುತ್ತದೆ. ಹಾಗಾಗಿ ಮೊದಲು ಪಶುವೈದ್ಯರಲ್ಲಿ ಮಲ ಪರೀಕ್ಷೆ ಮಾಡಿಸಿ, ತೂಕ ಬರೆದಿಡಿ.

ಆಮೇಲೆ ಪಥ್ಯ. ಗೋಧಿ, ಬಾರ್ಲಿ, ರೈ ಧಾನ್ಯ ಮೂರನ್ನೂ ಪೂರ್ತಿ ನಿಲ್ಲಿಸಿ. ಅನ್ನ, ರಾಗಿ, ಜೋಳದಲ್ಲಿ ಗ್ಲುಟೆನ್ ಇಲ್ಲ, ಕೊಡಬಹುದು. ಮಾಂಸ ಮೊದಲು ಯಾವುದಿತ್ತೋ ಅದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ, ಅಲ್ವಾ? ಕನಿಷ್ಠ ನಾಲ್ಕರಿಂದ ಆರು ವಾರ ಕಾಯಿರಿ.

ಪಥ್ಯ ಮುರಿಯುವುದು ಜಾಸ್ತಿ ಚಿಲ್ಲರೆ ತಿಂಡಿಯಿಂದ. ಅಜ್ಜಿ ಚಹಾದ ಜೊತೆ ಮುರಿದು ಹಾಕುವ ಬಿಸ್ಕತ್ತು, ಮಾತ್ರೆ ಸುತ್ತಿ ಕೊಡುವ ಬ್ರೆಡ್ ಚೂರು, ಮಗು ಕೆಳಗೆ ಬಿಟ್ಟ ಚಪಾತಿ, ಉಳಿದ ಉಪ್ಪಿಟ್ಟು. ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅದಕ್ಕೆ ಗೋಧಿ ಹಿಟ್ಟು ಬೆರೆಸಿರುವುದುಂಟು. ಸಾಂಬಾರ್ ಅನ್ನವಂತೂ ಬೇಡವೇ ಬೇಡ, ಅದರಲ್ಲಿನ ಈರುಳ್ಳಿ ನಾಯಿಗೆ ವಿಷ. ಮನೆಯವರೆಲ್ಲ ಒಪ್ಪದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಭೇದಿ ನಿಂತು ತೂಕ ಏರಿತೇ? ಇನ್ನೂ ಖಚಿತವಲ್ಲ. ವೈದ್ಯರು ಒಪ್ಪಿದರೆ ದಿನವೂ ಸ್ವಲ್ಪ ಚಪಾತಿ ಕೊಟ್ಟು ನೋಡಿ. ತೊಂದರೆ ಮರಳಿ ಬಂದು, ಬಿಟ್ಟಾಗ ಮತ್ತೆ ಹೋದರೆ ಗೋಧಿಯೇ ಕಾರಣವೆಂದು ಹೇಳಬಹುದು. ತೀರಾ ಬಡಕಲಾದ ಮರಿಯ ಮೇಲೆ ಮಾತ್ರ ಈ ಪ್ರಯೋಗ ಬೇಡ. ಗೋಧಿಯೇ ಎಂದು ಗೊತ್ತಾದ ಮೇಲೆ ಪಥ್ಯ ಜೀವನಪೂರ್ತಿ. ಬರೀ ಅನ್ನ, ಕೋಳಿ ಹಾಕುತ್ತಾ ಹೋದರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ, ಪೂರಕಗಳನ್ನು ವೈದ್ಯರಲ್ಲಿ ಕೇಳಿ.

ಇನ್ನು ಮರಿ ಹಾಕಿಸುವ ವಿಚಾರ. ಸೆಟ್ಟರ್‌ಗಳಲ್ಲಿ ಈ ವಂಶವಾಹಿ ದೋಷ ತಂದೆ, ತಾಯಿ ಇಬ್ಬರಿಂದಲೂ ಬಂದರಷ್ಟೇ ರೋಗವಾಗುತ್ತದೆ. ಆರೋಗ್ಯವಾಗಿ ಕಾಣುವ ಎರಡು ನಾಯಿಗಳು ದೋಷ ಹೊತ್ತಿದ್ದರೆ ಪ್ರತಿ ಮರಿಗೂ ರೋಗ ತಗಲುವ ಸಾಧ್ಯತೆ ನಾಲ್ಕರಲ್ಲಿ ಒಂದು. ರೋಗವಿರುವ ನಾಯಿಯಿಂದ ಮರಿ ಪಡೆಯಬೇಡಿ. ಮರಿ ಮಾರಿದವರಿಗೂ ಫೋನ್ ಮಾಡಿ ತಿಳಿಸಿ, ಅದೇ ಜೋಡಿಯನ್ನು ಅವರು ಮತ್ತೆ ಕೂಡಿಸಬಾರದು.